ಮೂರನೇ ಕ್ಲಾಸಿನ ಮಗಳು ಪಾಠದ ಪುಸ್ತಕ ಬಿಟ್ಟು ಬೇರೇನೂ ಓದಲ್ಲ. ಓದಿನ ರುಚಿ ಹತ್ತಿಸುವುದು ಹೇಗೆ?

ಮೊದಲು ಓದಿದ ಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ‘ಇದರ ನೀತಿ ಏನು?’ ಅಂದ ಕೂಡಲೇ ಕಥೆಯೂ ಪಾಠವಾಗಿಬಿಡುತ್ತದೆ.

ಅವಳಿಗೆ ಓದಲು ಬಂದರೂ ನೀವು ಓದಿ ಹೇಳುತ್ತಿರಿ. ಈ ವಯಸ್ಸಿನಲ್ಲಿ ಮಕ್ಕಳಿಗೆ ಕೇಳಿ ಅರ್ಥವಾಗುವ ಕಥೆ, ತಾವೇ ಓದಬಲ್ಲ ಕಥೆಗಿಂತ ಎಷ್ಟೋ ದೊಡ್ಡದು. ಒತ್ತಕ್ಷರ ಬಂದ ಕಡೆಯೆಲ್ಲ ತಡವರಿಸುತ್ತಾರೆ, ಅಷ್ಟರಲ್ಲಿ ಕಥೆ ಕೈತಪ್ಪುತ್ತದೆ. ಹಾಗಾಗಿ ಅವಳೇ ಓದುವ ಪುಸ್ತಕ ಸ್ವಲ್ಪ ಸುಲಭದ್ದೇ ಇರಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರಗಳಿರುವ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ಹಂತಗಳಿವೆ. ಮೂರನೇ ಕ್ಲಾಸಾದರೇನು, ಮೊದಲ ಹಂತದಿಂದಲೇ ಶುರುಮಾಡಿ. ಮೊಬೈಲ್ ಕೊಡಲು ಇಷ್ಟವಿಲ್ಲದಿದ್ದರೆ ಪ್ರಿಂಟ್ ಹಾಕಿಸಿ.

ಯಾವ ಪುಸ್ತಕ ಅನ್ನುವುದನ್ನು ಅವಳೇ ಆರಿಸಲಿ. ಹುಳುಹುಪ್ಪಟೆ, ಕ್ರಿಕೆಟ್, ಜೋಕು, ಏನಾದರೂ ಸರಿ. ಒಂದನ್ನೇ ಹತ್ತು ಸಲ ಓದಲಿ, ಇಲ್ಲಾ ಅರ್ಧಕ್ಕೆ ಬಿಡಲಿ. ನಾವು ದೊಡ್ಡವರೂ ಎಷ್ಟೋ ಪುಸ್ತಕ ಬಿಟ್ಟಿದ್ದೇವೆ, ಅಲ್ವಾ?

‘ಹತ್ತು ಪುಟಕ್ಕೆ ಒಂದು ಚಾಕೊಲೇಟ್’ ಅನ್ನುವ ಲೆಕ್ಕ ಮಾತ್ರ ಬೇಡ. ಆಗ ಮಕ್ಕಳು ಪುಟ ಎಣಿಸುತ್ತಾರೆ, ಓದುವುದಿಲ್ಲ.