ಮೈಸೂರಿಗೆ ಬಂದಾಗ ಚೆನ್ನಾಗಿರೋ ಮೆಕ್ಸಿಕನ್ ಹೋಟೆಲ್ ಹುಡುಕೋದು ಹೇಗೆ?

ನೀವು ಕೇಳಿರೋದು ಇಷ್ಟು. ದಾವಣಗೆರೆಯಿಂದ ಮನೆಮಂದಿಯೆಲ್ಲ ಮೂರು ದಿನಕ್ಕೆ ಮೈಸೂರಿಗೆ ಬರುತ್ತಿದ್ದೀರಿ. ಹದಿನಾರು ವರ್ಷದ ಮಗಳಿಗೆ ಟಾಕೊ (ರೊಟ್ಟಿಯೊಳಗೆ ಹೂರಣ ಇಟ್ಟು ಮಡಚಿದ್ದು), ಬುರಿಟೊ (ಅದನ್ನೇ ಸುರುಳಿ ಸುತ್ತಿದ್ದು) ಅಂದ್ರೆ ಪ್ರಾಣ. ಸ್ಟಾರ್ ಹೋಟೆಲ್ ಬೇಡ, ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿ ಆರಾಮಾಗಿ ಕೂತು ತಿನ್ನುವಂಥ ಜಾಗ ಬೇಕು.

ಮೊದಲೇ ಹೇಳಿಬಿಡುತ್ತೇನೆ, ‘ಮೆಕ್ಸಿಕನ್’ ಅನ್ನೋ ಬೋರ್ಡ್ ಹುಡುಕಬೇಡಿ. ಈ ಊರಲ್ಲಿ ನನಗೆ ಒಳ್ಳೆಯ ಟಾಕೊ ಸಿಕ್ಕಿದ್ದೆಲ್ಲ ಇನ್ನೇನೋ ಹೆಸರಿನ ಸಣ್ಣ ಕೆಫೆಗಳಲ್ಲಿ, ಮೆನುವಿನ ಕೊನೆಯ ಪುಟದಲ್ಲಿ. ಬೋರ್ಡ್ ಬಿಟ್ಟು ಸಾಲ್ಸಾ, ಅಂದರೆ ಟಾಕೊ ಜೊತೆ ಕೊಡುವ ಟೊಮ್ಯಾಟೊ ಚಟ್ನಿ ನೋಡಿ. ಹೊಸ ಹೋಟೆಲ್‌ಗೆ ಹೋದರೆ ಇಡ್ಲಿ ಮುರಿಯುವ ಮುಂಚೆಯೇ ಚಟ್ನಿಗೆ ಬೆರಳು ಅದ್ದಿ ನೆಕ್ಕುತ್ತೀವಲ್ಲ, ಹಾಗೆ. ಚಟ್ನಿ ಹಳಸಲಾಗಿದ್ದರೆ ಇಡ್ಲಿ ಎಷ್ಟು ಮೆತ್ತಗಿದ್ದು ಏನು ಪ್ರಯೋಜನ?

ನಾನು ಕುವೆಂಪುನಗರದವನು. ಕಂಪನಿ ಕೆಲಸದ ಮೇಲೆ ಒಂದೂವರೆ ವರ್ಷ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದ್ದೆ. ಅಲ್ಲಿ ಬೆಳಗಿನ ತಿಂಡಿಗೇ ಟಾಕೊ. ನಾವು ಆಫೀಸಿಗೆ ಹೋಗುವ ದಾರಿಯಲ್ಲಿ ನಿಂತುಕೊಂಡೇ ಇಡ್ಲಿ-ವಡೆ ತಿನ್ನುವ ಹಾಗೆ ಅವರು ಏಳು ಗಂಟೆಗೆಲ್ಲ ಸಾಲಾಗಿ ನಿಂತು ಬೀನ್ಸ್ ಟಾಕೊ, ಅಂದರೆ ರಾಜ್ಮಾದಂಥ ಕಾಳು ತುಂಬಿದ ಟಾಕೊ ತಿನ್ನುತ್ತಿದ್ದರು. ನನ್ನ ಮನೆ ಹತ್ತಿರದ ಅಂಗಡಿಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕಬ್ಬಿಣದ ಕಾವಲಿ ಮುಂದೆ ನಿಂತಿರುತ್ತಿದ್ದರು. ಟೋರ್ಟಿಯಾವನ್ನು, ಅಂದರೆ ಟಾಕೊದ ರೊಟ್ಟಿಯನ್ನು ಮಗುಚೋಕೆ ಸೌಟೂ ಇಲ್ಲ, ಇಕ್ಕಳವೂ ಇಲ್ಲ, ಬರೀ ಬೆರಳ ತುದಿ. ಮೂರನೇ ಸಲ ಮಗುಚಿ ಮಧ್ಯದಲ್ಲಿ ಮೆಲ್ಲಗೆ ಒತ್ತಿದರೆ ಪುಲ್ಕದ ಹಾಗೆ ಉಬ್ಬುತ್ತಿತ್ತು. ನಾನು ಸಸ್ಯಾಹಾರಿ. ಬೀನ್ಸ್ ತಾನೇ ಅಂತ ಮೂರು ವಾರ ಖುಷಿಯಾಗಿ ತಿಂದೆ. ಆಮೇಲೆ ಒಬ್ಬ ಸಹೋದ್ಯೋಗಿ ಹೇಳಿದ, ಆ ಬೀನ್ಸ್ ಹುರಿಯೋದು ಹಂದಿ ಕೊಬ್ಬಿನಲ್ಲಿ ಅಂತ. ತಪ್ಪು ಅಂಗಡಿಯದ್ದಲ್ಲ ಬಿಡಿ, ಅಲ್ಲಿಯ ಸಂಪ್ರದಾಯವೇ ಅದು. ಕೇಳದೇ ತಿಂದಿದ್ದು ನಾನು. ನಿಮ್ಮಲ್ಲೂ ಸಸ್ಯಾಹಾರಿಗಳಿದ್ದರೆ ಇಲ್ಲಿ ಕೂಡ ಒಂದು ಮಾತು ಕೇಳಿ: ಬೀನ್ಸ್ ಇಲ್ಲೇ ಬೇಯಿಸಿದ್ದಾ, ಡಬ್ಬದ್ದಾ? ನಮ್ಮ ಕೆಫೆಗಳು ಸಾಮಾನ್ಯವಾಗಿ ರಾಜ್ಮಾ ಬೇಯಿಸಿ ಎಣ್ಣೆಯಲ್ಲೇ ಹುರಿಯುತ್ತವೆ. ಹೊರದೇಶದ ಡಬ್ಬ ಆದರೆ ಮೇಲಿನ ಚೀಟಿ ಓದಿಸಿಕೊಳ್ಳಿ.

ಈಗ ಏರಿಯಾ ವಿಷಯ. ಗೋಕುಲಂ, ವಿ.ವಿ. ಮೊಹಲ್ಲಾ, ಜಯಲಕ್ಷ್ಮೀಪುರಂ, ಯಾದವಗಿರಿ, ಈ ಪಟ್ಟಿಯಿಂದ ಶುರು ಮಾಡಿ. ಕಾರಣ ಯೋಗ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಶಾಲೆ ಲಕ್ಷ್ಮೀಪುರದಿಂದ ಗೋಕುಲಂಗೆ ಬಂದ ಮೇಲೆ ಆ ಬಡಾವಣೆಯ ನಸೀಬೇ ಬದಲಾಯಿತು. ಅಮೆರಿಕ, ಬ್ರೆಜಿಲ್, ಮೆಕ್ಸಿಕೊ ಅಂತ ಎಲ್ಲೆಲ್ಲಿಂದಲೋ ಬಂದು ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿ ಉಳಿಯುವವರು ಅಲ್ಲಿ ಯೋಗ ಕಲಿಯುವವರು. ಬೆಳಗಿನ ಜಾವ ಅಭ್ಯಾಸ ಮುಗಿಸಿ ಹಸಿದು ಹೊರಗೆ ಬರುತ್ತಾರೆ. ಅವರಿಗೋಸ್ಕರ ಮನೆ ಕಾಂಪೌಂಡುಗಳಲ್ಲಿ, ಮಹಡಿ ಮೇಲೆ ಸಣ್ಣ ಸಣ್ಣ ಕೆಫೆಗಳು ಹುಟ್ಟಿಕೊಂಡವು. ಚೆನ್ನಾಗಿ ತಿಂದು ಗೊತ್ತಿರೋರು ದಿನಾ ಬಂದು ತಿಂದು ನೇರವಾಗಿ ಬೈದರೆ ಅಡುಗೆ ತಾನಾಗೇ ಸುಧಾರಿಸುತ್ತದೆ ಅಲ್ವಾ? ಚಳಿಗಾಲದಲ್ಲಿ ಈ ಜಾಗಗಳಿಗೆ ಕಳೆ ಜಾಸ್ತಿ. ಬೇಸಿಗೆಯಲ್ಲಿ ಕೆಲವರು ಬಾಗಿಲು ಹಾಕಿಕೊಂಡು ಊರಿಗೆ ಹೋಗುತ್ತಾರೆ.

ಹೆಸರು ಹೇಳಪ್ಪಾ ಅಂತೀರಿ, ಗೊತ್ತು. ಬೇಕಂತಲೇ ಹೇಳುತ್ತಿಲ್ಲ. ಈ ಕೆಫೆಗಳಲ್ಲಿ ಅಡುಗೆಯವನು ಕೆಲಸ ಬಿಟ್ಟರೆ ರುಚಿಯೂ ಅವನ ಜೊತೆಗೇ ಹೋಗುತ್ತದೆ. ಹೋದ ವರ್ಷ ನಾನು ಊರಿಗೆಲ್ಲ ಡಂಗುರ ಹೊಡೆದ ಒಂದು ಜಾಗದಲ್ಲಿ ಈಗ ಪಾಸ್ತಾ ಮಾತ್ರ ಸಿಗುತ್ತದೆ. ಅದಕ್ಕೇ ಹುಡುಕೋ ದಾರಿಯನ್ನೇ ಹೇಳುತ್ತೇನೆ.

ಮ್ಯಾಪ್‌ನಲ್ಲಿ ಈ ಏರಿಯಾಗಳಲ್ಲಿ ‘ಟಾಕೊ’, ‘ಬುರಿಟೊ’, ‘ಕೆಸಡಿಯಾ’ (ಚೀಸ್ ಇಟ್ಟು ಮಡಚಿ ಕಾಯಿಸಿದ ಟೋರ್ಟಿಯಾ) ಅಂತ ತಿಂಡಿಯ ಹೆಸರು ಹಾಕಿ ಹುಡುಕಿ. ಹೋಟೆಲ್‌ನವರೇ ಹಾಕಿದ ಫೋಟೊ ಬಿಟ್ಟು ಗಿರಾಕಿಗಳು ಹಾಕಿದ್ದನ್ನು ನೋಡಿ, ಅದೂ ಇತ್ತೀಚಿನ ಎರಡು ಮೂರು ತಿಂಗಳದ್ದು. ಸ್ಟಾರ್ ಲೆಕ್ಕಕ್ಕಿಂತ ಫೋಟೊ ದೊಡ್ಡದು ಮಾಡಿ ತಟ್ಟೆಯ ಮೂಲೆ ನೋಡಿ. ಸಾಲ್ಸಾದಲ್ಲಿ ಸುಟ್ಟ ಟೊಮ್ಯಾಟೊ ಸಿಪ್ಪೆಯ ಕಪ್ಪು ಚೂರು, ಹಸಿ ಕೊತ್ತಂಬರಿ ಕಂಡರೆ ಒಳ್ಳೆಯ ಲಕ್ಷಣ. ನುಣ್ಣಗೆ, ಕೆಂಪಗೆ, ಪಳಪಳ ಹೊಳೆಯುತ್ತಿದ್ದರೆ ಅದು ಬಾಟ್ಲಿ ಸಾಸು. ಮುಂದಕ್ಕೆ ಹೋಗಿ.

ಆಮೇಲೆ ಫೋನ್ ಮಾಡಿ. ಸಂಕೋಚ ಬೇಡ. ‘ಗ್ವಾಕಮೋಲೆ ಇದೆಯಾ ಇವತ್ತು?’ ಅಂತ ಕೇಳಿ. ‘ಎಲ್ಲಾ ಇದೆ ಸಾರ್, ಬನ್ನಿ’ ಅಂದರೆ ಸ್ವಲ್ಪ ಅನುಮಾನ ಪಡಿ. ‘ಇವತ್ತು ಹಣ್ಣು ಕಾಯಿಯಾಗಿದೆ, ನಾಡಿದ್ದು ಬನ್ನಿ’ ಅಂದರೆ ಆ ಜಾಗಕ್ಕೆ ನಾಡಿದ್ದು ಖಂಡಿತ ಹೋಗಿ. ಗ್ವಾಕಮೋಲೆ ಅಂದರೆ ನಮ್ಮ ಬೆಣ್ಣೆ ಹಣ್ಣನ್ನು ಉಪ್ಪು, ನಿಂಬೆರಸ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಜಜ್ಜಿದ್ದು. ಮೆಕ್ಸಿಕೊದಲ್ಲಿ ಇದನ್ನು ಜಜ್ಜೋಕೆ ಮೂರು ಕಾಲಿನ ಕಲ್ಲಿನ ಒರಳು ಇರುತ್ತದೆ. ಬೆಣ್ಣೆ ಹಣ್ಣು ಇವತ್ತು ಕಲ್ಲು, ನಾಳೆ ಹದ, ನಾಡಿದ್ದು ಕೊಳೆತ. ದಿನಾ ತಪ್ಪದೆ ಅದನ್ನು ಕೊಡ್ತೀನಿ ಅನ್ನೋದು ಕಷ್ಟದ ಮಾತು. ಮಳೆಗಾಲದಲ್ಲಿ ಬಂದರೆ ಕೊಡಗಿನ ಹಣ್ಣು ಇಲ್ಲಿಗೆ ಚೆನ್ನಾಗಿ ಬರುತ್ತದೆ, ಆಗ ನಿಮ್ಮ ಮಗಳ ಅದೃಷ್ಟ.

ಫೋನಿನಲ್ಲೇ ಕೇಳಬೇಕಾದ ಇನ್ನೊಂದು, ಟೋರ್ಟಿಯಾ ಮೈದಾದ್ದಾ ಜೋಳದ್ದಾ? ನೀವು ದಾವಣಗೆರೆ ಕಡೆಯವರು ಮೆಕ್ಕೆಜೋಳ ಅಂತೀರಿ, ನಾವು ಮುಸುಕಿನ ಜೋಳ. ನಿಮಗೆ ಅದರ ಬೆಳೆ ಬಗ್ಗೆ ನಾನು ಹೇಳಬೇಕಿಲ್ಲ. ಆದರೆ ಆ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಹೋದವರಿಗೆ ಗೊತ್ತು, ಅಂಚು ಸೀಳುತ್ತದೆ, ಎತ್ತಿದರೆ ಎರಡಾಗುತ್ತದೆ. ಮೆಕ್ಸಿಕೊದವರ ಟೋರ್ಟಿಯಾ ಮಾತ್ರ ಮಡಚಿದರೂ ಮುರಿಯುವುದಿಲ್ಲ. ಗುಟ್ಟು ಸುಣ್ಣದಲ್ಲಿದೆ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ತಿಕ್ಕಿದರೆ ಸಿಪ್ಪೆ ಜಾರಿ ಬರುತ್ತದೆ. ತೊಳೆದು ರುಬ್ಬಿದರೆ ಹಿಟ್ಟು ಅಂಟಿಕೊಳ್ಳುತ್ತದೆ. ಇದಕ್ಕೆ ನಿಕ್ಸ್ಟಮಾಲ್ ಅಂತ ಹೆಸರು. ಕಾಳಿನಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುವುದೂ ಹೀಗೆ ಮಾಡಿದಾಗಲೇ. ಯುರೋಪಿನವರು ಜೋಳ ಹೊತ್ತುಕೊಂಡು ಹೋದರು, ಸುಣ್ಣದ ಪಾಠ ಅಲ್ಲೇ ಬಿಟ್ಟರು. ಮೂರು ಹೊತ್ತೂ ಅದನ್ನೇ ತಿಂದ ಉತ್ತರ ಇಟಲಿಯ ಬಡವರಿಗೆ ನಯಾಸಿನ್ ಕೊರತೆಯಿಂದ ಪೆಲಾಗ್ರಾ ಅನ್ನೋ ಕಾಯಿಲೆ ಬಂತು.

ಗೋಕುಲಂನ ಒಂದು ಕೆಫೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಹಳೇ ಮನೆ, ಅಂಗಳದಲ್ಲಿ ಪರಂಗಿ ಗಿಡ, ಐದೇ ಟೇಬಲ್. ಅಡುಗೆಯವನು ಹುಣಸೂರು ಕಡೆಯ ಹುಡುಗ. ಯೋಗ ಕಲಿಯಲು ಬಂದಿದ್ದ ಮೆಕ್ಸಿಕೊದ ಹೆಂಗಸೊಬ್ಬರು ಕಲಿಸಿಕೊಟ್ಟು ಹೋದರಂತೆ. ಕೈ ತೊಳೆಯಲು ಹಿಂದೆ ಹೋದಾಗ ಸ್ಟೀಲ್ ಡಬರಿಯಲ್ಲಿ ಕಾಳು ನೆನೆದು ನೀರು ಹಳದಿಯಾಗಿತ್ತು. ‘ಸುಣ್ಣ ಎಲ್ಲಿಂದ ತರ್ತೀಯಪ್ಪಾ?’ ಅಂದೆ. ‘ಎಲೆ ಅಂಗಡಿದೇ ಸಾರ್. ಕೆಜಿ ಜೋಳಕ್ಕೆ ಎರಡು ಚಮಚ ಸಾಕು’ ಅಂದ. ವೀಳ್ಯದೆಲೆ ಊರಲ್ಲಿ ಸುಣ್ಣಕ್ಕೇನು ಬರ! ಒಲೆ ಮೇಲೆ ನಾಲ್ಕು ಟೊಮ್ಯಾಟೊ ನೇರವಾಗಿ ಉರಿಯಲ್ಲಿ ಚಟಪಟ ಅಂತ ಸುಡುತ್ತಿದ್ದವು. ಪಕ್ಕದಲ್ಲಿ ಹುರಿದ ಬ್ಯಾಡಗಿ. ಮೆಕ್ಸಿಕೊದಲ್ಲಿ ಗುವಾಹಿಯೊ ಅಂತ ಒಣಮೆಣಸಿನಕಾಯಿ ಬಳಸುತ್ತಾರೆ, ಅದೂ ಬಣ್ಣ ಜಾಸ್ತಿ ಖಾರ ಕಮ್ಮಿ. ಅದು ಸಿಗದ ಕಡೆ ಬ್ಯಾಡಗಿ ಹಾಕಿದವನ ತಲೆಗೆ ಭೇಷ್ ಅನ್ನಬೇಕು.

ಹಾಗಂತ ಮೈದಾ ಟೋರ್ಟಿಯಾ ಕೊಟ್ಟರೆ ಮೋಸ ಅಂತಲ್ಲ. ಉತ್ತರ ಮೆಕ್ಸಿಕೊದಲ್ಲಿ ಗೋಧಿ ಟೋರ್ಟಿಯಾನೇ ರೂಢಿ, ಬುರಿಟೊ ಮಾಡೋದು ಅದರಲ್ಲೇ. ಮಗಳು ಬುರಿಟೊ ತಿನ್ನೋದಾದರೆ ಮೈದಾದ್ದೇ ಸರಿ. ಬಿಸಿಯಾಗಿ ಕಾವಲಿಯಿಂದ ಬರಬೇಕು ಅಷ್ಟೆ. ಪ್ಯಾಕೆಟ್ ಬಿಚ್ಚಿ ಮೈಕ್ರೋವೇವ್‌ನಲ್ಲಿಟ್ಟಿದ್ದು ಐದು ನಿಮಿಷಕ್ಕೆ ರಬ್ಬರ್ ಆಗುತ್ತದೆ. ಗಟ್ಟಿ ಚಿಪ್ಪಿನ, ಮುರಿದರೆ ಮಡಿಲಿಗೆಲ್ಲ ಉದುರುವ ಟಾಕೊ ಇದೆಯಲ್ಲ, ಅದು ಅಮೆರಿಕದಲ್ಲಿ ಜನಪ್ರಿಯವಾದದ್ದು. ಹಳದಿ ಚೆಡ್ಡಾರ್ ಚೀಸ್, ಜೀರಿಗೆ ಪುಡಿ ಜಾಸ್ತಿ ಬಿದ್ದರೆ ಅದು ಟೆಕ್ಸ್-ಮೆಕ್ಸ್, ಅಂದರೆ ಟೆಕ್ಸಾಸ್ ಶೈಲಿಯ ಮೆಕ್ಸಿಕನ್ ಅಡುಗೆ. ಬೀದಿಬದಿಯ ಮೆಕ್ಸಿಕನ್ ಟಾಕೊ ಅಂಗೈ ಅಗಲ, ಮೆತ್ತಗೆ, ಮೇಲೆ ಈರುಳ್ಳಿ ಕೊತ್ತಂಬರಿ, ಪಕ್ಕದಲ್ಲಿ ನಿಂಬೆ ಹೋಳು. ನನಗೆ ಎರಡೂ ಇಷ್ಟ. ಯಾವುದು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬೇಜಾರಾಗುವುದಿಲ್ಲ.

ಬೇಜಾರಾಗಿದ್ದು ಇನ್ನೊಂದು ಕಡೆ. ಗೋಡೆಯಲ್ಲಿ ದೊಡ್ಡ ಅಂಚಿನ ಟೋಪಿ, ಕಳ್ಳಿಗಿಡದ ಚಿತ್ರ, ಮೆನುವಿನಲ್ಲಿ ‘ಮೆಕ್ಸಿಕನ್ ಪ್ಲ್ಯಾಟರ್’. ಬಂದಿದ್ದೇನು? ತಣ್ಣಗಿನ ಮೈದಾ ಚಪಾತಿಯೊಳಗೆ ಎಲೆಕೋಸು, ಸ್ವೀಟ್ ಕಾರ್ನ್, ಮಯೋನೀಸ್. ಸಾಲ್ಸಾ ಅಂತ ಕೊಟ್ಟ ಬಟ್ಟಲಲ್ಲಿ ಕೆಚಪ್‌ಗೆ ಈರುಳ್ಳಿ ಕೊಚ್ಚಿ ಹಾಕಿದ್ದರು. ‘ಮೆಕ್ಸಿಕನ್ ರೈಸ್’ ಅಂತೂ ನಮ್ಮ ಗೋಬಿ ಗಾಡಿಯ ಫ್ರೈಡ್ ರೈಸೇ. ಗೋಬಿ ಗಾಡಿಯವನೇ ಇನ್ನೂ ಚೆನ್ನಾಗಿ ಮಾಡುತ್ತಾನೆ. ಅವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ಲ್ಯಾಟರ್, ಕಾಂಬೊ ಮೊದಲೇ ಹೇಳಲ್ಲ. ಒಂದು ಬೀನ್ಸ್ ಟಾಕೊ ಇಲ್ಲ ಕೆಸಡಿಯಾ, ಜೊತೆಗೆ ಸಾಲ್ಸಾ. ಎಲ್ಲರೂ ಒಂದೊಂದು ತುತ್ತು. ಹಿಡಿಸಿದರೆ ಮುಂದಿನ ಆರ್ಡರ್, ಇಲ್ಲದಿದ್ದರೆ ಲೈಮ್ ಸೋಡಾ ಕುಡಿದು ಎದ್ದು ಬರೋದು.

ನಾಚೋಸ್ ಮೊದಲು ತರಿಸಬೇಡಿ. ಚಿಪ್ಸ್ ಹೆಚ್ಚಿನ ಕಡೆ ಪ್ಯಾಕೆಟ್ಟಿಂದಲೇ, ಅದರಿಂದ ಅಡುಗೆಮನೆಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದು ಹುಟ್ಟಿದ್ದೇ ಕೈಗೆ ಸಿಕ್ಕಿದ್ದರಲ್ಲಿ. 1940ರ ದಶಕದಲ್ಲಿ ಮೆಕ್ಸಿಕೊ ಗಡಿಯ ಪಿಯೆದ್ರಾಸ್ ನೆಗ್ರಾಸ್ ಊರಿಗೆ ಅಮೆರಿಕದ ಸೈನಿಕರ ಹೆಂಡತಿಯರು ಬಂದು ಏನಾದರೂ ಕೊಡಿ ಅಂದಾಗ ಇಗ್ನಾಸಿಯೊ ಅನಾಯಾ ಅನ್ನುವವರು ಟೋರ್ಟಿಯಾ ಚೂರು ಕರಿದು ಚೀಸ್, ಹಲಪೀನ್ಯೊ ಮೆಣಸಿನಕಾಯಿ ಹಾಕಿ ಕೊಟ್ಟರಂತೆ. ಇಗ್ನಾಸಿಯೊಗೆ ಮುದ್ದಿನ ಹೆಸರು ನಾಚೊ. ನಮ್ಮಲ್ಲಾಗಿದ್ದರೆ ‘ಮಂಜಾಸ್’ ಅಂತಾಗುತ್ತಿತ್ತೇನೋ.

ಮನೆಯ ಹಿರಿಯರು ಏನು ತಿನ್ನುತ್ತಾರೆ ಅಂತ ಚಿಂತೆಯಿದ್ದರೆ ಬಿಡಿ. ಮಂಡ್ಯದ ನಮ್ಮ ದೊಡ್ಡಮ್ಮನನ್ನು ಅದೇ ಪರಂಗಿ ಗಿಡದ ಕೆಫೆಗೆ ಕರೆದುಕೊಂಡು ಹೋಗಿದ್ದೆ. ಟಾಕೊ ಬಿಚ್ಚಿ ನೋಡಿ, ‘ಇದೇನ್ಲಾ ಮಗ, ರೊಟ್ಟಿ ಒಳಗೆ ಉಸ್ಲಿ ತುಂಬವ್ರೆ’ ಅಂದರು. ಸಾಲ್ಸಾ ನೆಕ್ಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಉಪ್ಸಾರ್ ಖಾರಕ್ಕೆ ಟಮಾಟೆ ಸುಟ್ಟಾಕವ್ರೆ ಅಷ್ಟೆಯ’ ಅಂತ ತೀರ್ಪು ಕೊಟ್ಟು ಸಪ್ಲೈಯರ್ ಹುಡುಗನನ್ನು ಕರೆದು ಇನ್ನೊಂದು ಬಟ್ಟಲು ತರಿಸಿಕೊಂಡರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಮೆಣಸಿನಕಾಯಿ ನಮಗೆ ಬಂದಿದ್ದೇ ಆ ಕಡೆಯಿಂದ, ಪೋರ್ಚುಗೀಸರ ಹಡಗಿನಲ್ಲಿ. ಮಗಳನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದಾಗ ತೋರಿಸಿ: ಟೊಮ್ಯಾಟೊ, ಮುಸುಕಿನ ಜೋಳ, ಸೀಬೆ, ಪರಂಗಿ, ಸಪೋಟ ಎಲ್ಲದರ ತವರು ಅಮೆರಿಕ ಖಂಡವೇ. ಅವರೆಕಾಳು ಮಾತ್ರ ಅಲ್ಲಿಂದ ಬಂದಿದ್ದಲ್ಲ.

ಕೊನೆಗೆ ಹೊತ್ತಿನ ಲೆಕ್ಕ. ಭಾನುವಾರ ಇಲ್ಲಿರುತ್ತೀರಾದರೆ ಸಂಜೆ 7ಕ್ಕೆ ಅರಮನೆ ದೀಪ ನೋಡಲೇಬೇಕು. ದೀಪ ಮುಗಿದ ಮೇಲೆ ಆ ಕಡೆ ಟ್ರಾಫಿಕ್ ಬಿಡಿಸಿಕೊಂಡು ಗೋಕುಲಂ ಸೇರುವಷ್ಟರಲ್ಲಿ ಎಷ್ಟೋ ಕೆಫೆಗಳು ಅಡುಗೆಮನೆ ಮುಚ್ಚಿರುತ್ತವೆ. ಅವತ್ತು ಮಧ್ಯಾಹ್ನವೇ ಟಾಕೊ ಮುಗಿಸಿಕೊಳ್ಳಿ. ಬುಕ್ ಮಾಡಿದ ಆಟೊ ಆದರೆ ತೊಂದರೆಯಿಲ್ಲ. ಬೀದಿಯಲ್ಲಿ ಹಿಡಿದ ಆಟೊದವರಿಗೆ ಕೆಫೆ ಹೆಸರು ಹೇಳಿದರೆ ಪಾಪ ಮುಖ ಮುಖ ನೋಡುತ್ತಾರೆ. ‘ಗೋಕುಲಂ, ಕಾಂಟೂರ್ ರೋಡ್’ ಅಂತ ಹೇಳಿ ಹತ್ತಿ, ಅಲ್ಲಿಂದ ಫೋನ್ ಮಾಡಿದರೆ ಅವರೇ ದಾರಿ ಹೇಳುತ್ತಾರೆ.