ಜಪವೂ ಇರಲಿ, ಮಾತ್ರೆಯೂ ಇರಲಿ

ನನ್ನ ಬಳಿ ಆಪ್ತಸಲಹೆಗೆ ಬಂದ ಬಾಣಂತಿಗೆ ಸಿಸೇರಿಯನ್ ಆಗಿ ಹನ್ನೊಂದು ದಿನ. ತವರಿನಲ್ಲಿ ಬಾಣಂತನ. ಗುರುತು ಸಿಗದಿರಲೆಂದು ಉಳಿದ ವಿವರ ಬದಲಿಸಿದ್ದೇನೆ. ವೈದ್ಯರು ಬರೆದುಕೊಟ್ಟಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡನ್ನೂ ಐದನೇ ದಿನಕ್ಕೇ ನಿಲ್ಲಿಸಿದ್ದರು. ‘ಹಾಲಲ್ಲಿ ಮಗೂಗೆ ಇಳಿಯುತ್ತೆ’ ಎಂಬುದು ಅಮ್ಮನ ಭಯ. ಬದಲಿಗೆ ಎರಡು ಹೊತ್ತು ನೂರೆಂಟು ಜಪ.

ಎರಡನೇ ಭೇಟಿಯಲ್ಲಿ ಆಕೆ ತಲೆ ತಗ್ಗಿಸಿ ಹೇಳಿದರು: “ಇಷ್ಟು ಜಪ ಮಾಡಿದ್ರೂ ನೋವು ಹೋಗ್ತಿಲ್ಲ ಮೇಡಂ. ನನ್ನ ಭಕ್ತೀಲೇ ಏನೋ ಕೊರತೆ.”

ಬಾಣಂತಿಯರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆಯ ಪದರ, ಗರ್ಭಕೋಶ ಕೊಯ್ದು ಹೊಲಿದ ಮೈ ನೋಯುತ್ತದೆ. ಅದಕ್ಕೂ ಭಕ್ತಿಗೂ ಸಂಬಂಧವಿಲ್ಲ.

“ಹೇಗೆ ಮಾಡ್ತೀರಿ, ತೋರಿಸಿ” ಎಂದೆ. ಚಕ್ಕಳಮಕ್ಕಳ ಹಾಕಿ ಕೂತು, ಉಸಿರು ಬಿಗಿಹಿಡಿದು, ಒಂದೇ ದಮ್ಮಿಗೆ ಐದಾರು ಸಲ ಮಂತ್ರ. ಹಲ್ಲು ಕಚ್ಚಿತ್ತು, ಭುಜ ಕಿವಿಗೆ ಏರಿತ್ತು, ಮಣಿ ಹಿಡಿದ ಬೆರಳು ಬಿಳಿಚಿತ್ತು. ಕೊನೆಗೆ ಹೊಟ್ಟೆ ಒಳಗೆಳೆದು ಉಸಿರು ಚಿಮ್ಮಿಸುವ ಕಪಾಲಭಾತಿ ಬೇರೆ! ಒಂದೊಂದು ಝಟಕೆಯೂ ನೇರ ಹೊಲಿಗೆಯನ್ನೇ ಎಳೆಯುತ್ತದೆ. ಅದನ್ನು ಅಲ್ಲೇ ನಿಲ್ಲಿಸಿದೆ.

ಜ್ವರ 100.4 ದಾಟಿದೆಯೇ, ಹೊಲಿಗೆ ಕೆಂಪಾಗಿ ಕೀವು ಸೋರುತ್ತಿದೆಯೇ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದೆಯೇ, ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದೆಯೇ ಎಂದು ಕೇಳಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಆಪ್ತಸಲಹೆಯ ಮಾತೇ ಇಲ್ಲ, ಸೀದಾ ಆಸ್ಪತ್ರೆ. ಆಗಲೇ ವೈದ್ಯರಿಗೆ ಫೋನ್ ಮಾಡಿಸಿದೆ. ಮಾತ್ರೆ ಮತ್ತೆ ಶುರುವಾಯಿತು. ಈ ಎರಡೂ ಹಾಲಿಗೆ ಇಳಿಯುವುದು ತೀರಾ ಅಲ್ಪವೆಂದು ಅಮ್ಮನಿಗೆ ವೈದ್ಯರೇ ಹೇಳಿದರು.

ಜಪ ಬಿಡಿ ಎನ್ನಲಿಲ್ಲ. ಹಾಲು, ಹರಳೆಣ್ಣೆ, ಪಥ್ಯ ಎಲ್ಲವನ್ನೂ ಬೇರೆಯವರು ನಿರ್ಧರಿಸುವ ಆ ದಿನಗಳಲ್ಲಿ ಆಕೆಯದೇ ಅಂತ ಉಳಿದಿದ್ದು ಅದೊಂದೇ. ಮಾಡುವ ಬಗೆ ಬದಲಿಸಿದೆವು. ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು, ಹಾಲೂಡಿಸುವ ಮುಂಚೆ, ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು. ನಾಲ್ಕು ಎಣಿಸುವಷ್ಟು ಮೂಗಿನಲ್ಲಿ ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಬಿಡುವಾಗ ಮನಸ್ಸಿನಲ್ಲೇ ಒಮ್ಮೆ ‘ನಮಃ ಶಿವಾಯ’. ದವಡೆ, ಭುಜ, ಅಂಗೈ ಒಂದೊಂದಾಗಿ ಸಡಿಲ. ಉಸಿರು ತಡೆಯುವಂತಿಲ್ಲ. ಹತ್ತು ನಿಮಿಷ ಸಾಕು. ಇದರಿಂದ ಗಾಯ ಬೇಗ ಮಾಯುವುದಿಲ್ಲ. ನೋವಿನ ಭಯಕ್ಕೆ ಮೈ ಬಿಗಿದು, ಆ ಬಿಗಿತಕ್ಕೇ ನೋವು ಹೆಚ್ಚುತ್ತದಲ್ಲ, ಅದು ಇಳಿಯುತ್ತದೆ. ಏಳುವಾಗ ಮಗ್ಗುಲಾಗಿ ಕಾಲು ಇಳಿಬಿಟ್ಟು, ಕೈ ಊರಿ, ಉಸಿರು ಬಿಡುತ್ತಾ ಏಳಬೇಕು. ಕೆಮ್ಮು, ಸೀನು ಬಂದರೆ ಹೊಲಿಗೆಗೆ ದಿಂಬು ಒತ್ತಿಕೊಳ್ಳಬೇಕು.

ವಾರದ ನಂತರ ಬಂದಾಗ ನೋವು ಇನ್ನೂ ಇತ್ತು. ಏಳುವಾಗ ಹತ್ತಕ್ಕೆ ಎಂಟು ಎನ್ನುತ್ತಿದ್ದವರು ನಾಲ್ಕು ಎಂದರು. ನೂರೆಂಟರ ಲೆಕ್ಕ ಬಿಟ್ಟಿದ್ದರು. ಮಾತ್ರೆಯ ಹೊತ್ತನ್ನು ಅಮ್ಮನೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರಂತೆ.