ಕಂಪ್ಯೂಟರ್ ಪ್ರಶ್ನೋತ್ತರ: ‘ನಾನೇ ಏನೋ ತಪ್ಪು ಒತ್ತಿದೆನೇ?’

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಪ್‌ಡೇಟ್‌ಗಳ ಕಾಟ ಮತ್ತು ತಲೆಬುಡ ತಿಳಿಯದ ದೋಷಸಂದೇಶಗಳ ಕುರಿತೇ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕಷ್ಟೇ ಉತ್ತರಿಸಿದ್ದೇನೆ. ‘ನಾನೇ ಏನೋ ತಪ್ಪು ಒತ್ತಿರಬೇಕು’ ಎಂಬ ಸಾಲು ಬಹುಪಾಲು ಪತ್ರಗಳಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಳಗಿನ ಯಾವ ಪ್ರಕರಣದಲ್ಲೂ ಪತ್ರ ಬರೆದವರ ತಪ್ಪಿಲ್ಲ.

ಪ್ರಶ್ನೆ: ನಾನು ಅನುವಾದಕಿ. ರಾತ್ರಿ ಕಡತವನ್ನು ತೆರೆದಿಟ್ಟೇ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಗಿತ್ತು. ಸಂಜೆಯಿಂದ ಮಾಡಿದ ಕೆಲಸ ಕಾಣಲಿಲ್ಲ. ಹಿಂದೊಮ್ಮೆ ಶೇಕಡ 30ಕ್ಕೆ ಬಂದು ಬಹಳ ಹೊತ್ತು ಅಲ್ಲೇ ನಿಂತಿತ್ತು. ಈ ಅಪ್‌ಡೇಟ್‌ಗಳನ್ನು ಶಾಶ್ವತವಾಗಿ ನಿಲ್ಲಿಸುವುದು ಹೇಗೆ?

ಉತ್ತರ: ಮೊದಲು ಕಳೆದುಹೋದ ಕೆಲಸದ ಮಾತು. ನೀವು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರೆಯುತ್ತಿದ್ದರೆ ಇನ್ನೂ ಆಸೆ ಬಿಡಬೇಡಿ. ಅದು ಸಾಮಾನ್ಯವಾಗಿ ಪ್ರತಿ 10 ನಿಮಿಷಕ್ಕೊಮ್ಮೆ ತನ್ನಷ್ಟಕ್ಕೆ ಒಂದು ಪ್ರತಿಯನ್ನು ಬದಿಗಿಡುತ್ತಿರುತ್ತದೆ. ‘ಫೈಲ್’ ಒತ್ತಿ, ‘ಇನ್ಫೋ’ಗೆ ಹೋಗಿ, ‘ಮ್ಯಾನೇಜ್ ಡಾಕ್ಯುಮೆಂಟ್’ ಗುಂಡಿಯ ಕೆಳಗೆ ಉಳಿಸದ ಕಡತಗಳನ್ನು ಮರಳಿ ಪಡೆಯುವ ಆಯ್ಕೆ ಇದೆಯೇ ನೋಡಿ. ಸಂಜೆಯ ಕೆಲಸದ ಬಹುಭಾಗ ಅಲ್ಲಿ ಸಿಗುವ ಸಾಧ್ಯತೆ ಇದೆ.

ಇನ್ನು ಶಾಶ್ವತವಾಗಿ ನಿಲ್ಲಿಸುವ ವಿಚಾರ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ಅಪ್‌ಡೇಟ್‌ಗಳನ್ನೇ ಬಂದ್ ಮಾಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಕಂಪ್ಯೂಟರ್‌ನ ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್ 14ರಂದೇ ಹೊರಬಂದಿತ್ತು, ಅಂದರೆ ಸುಮಾರು ಎರಡು ತಿಂಗಳ ಮೊದಲು. ಹಾಕಿಕೊಂಡವರು ಆ ದಾರಿಯಿಂದ ಬರುವ ದಾಳಿಯಿಂದ ಪಾರಾದರು.

ಇನ್ನೊಂದು ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ. ರಕ್ಷಣೆಯ ಅಪ್‌ಡೇಟ್ ಹೊರಬಂದ ದಿನವೇ ಕಳ್ಳರು ಹಳೆಯ ಕಡತವನ್ನೂ ಹೊಸ ಕಡತವನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಎಂದು ಹುಡುಕುತ್ತಾರೆ. ಬದಲಾದ ಜಾಗವೇ ಹಳೆಯ ಕಿಂಡಿಯ ವಿಳಾಸ. ಹಾಗಾಗಿ ಅಪ್‌ಡೇಟ್ ಬಂದ ಮೇಲೂ ಹಾಕಿಕೊಳ್ಳದ ಕಂಪ್ಯೂಟರ್ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ.

ಹಾಗೆಂದು ಅದು ಹೇಳಿದ ಹೊತ್ತಿಗೆ ನೀವು ಕುಣಿಯಬೇಕಾಗಿಲ್ಲ. ವಿಂಡೋಸ್‌ನ ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವ್ ಅವರ್ಸ್’ ಎಂಬುದಿದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ನಮೂದಿಸಿದರೆ ಆ ಅವಧಿಯಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. 18 ಗಂಟೆಗಳವರೆಗೆ ಕೊಡಬಹುದು. ಪುಸ್ತಕವೊಂದನ್ನು ಮುಗಿಸಿಕೊಡುವ ಒತ್ತಡದಲ್ಲಿದ್ದರೆ ‘ಪಾಝ್’ (ಸದ್ಯಕ್ಕೆ ನಿಲ್ಲಿಸು) ಒತ್ತಿ ಐದು ವಾರಗಳವರೆಗೆ ಮುಂದೂಡಿ, ಕೆಲಸ ಮುಗಿದ ದಿನವೇ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ತನ್ನ ರಕ್ಷಣಾ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಬಿಡುಗಡೆ ಮಾಡುತ್ತ ಬಂದಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಆ ವಾರ ರಾತ್ರಿ ಕಡತ ಮುಚ್ಚಿ ಮಲಗಬಹುದು.

ರೀಸ್ಟಾರ್ಟ್ ಏಕೆ ಬೇಕು ಎಂದರೆ, ವಿಂಡೋಸ್ ನಡೆಯುತ್ತಿರುವಾಗ ಅದರ ಮುಖ್ಯ ಕಡತಗಳು ಬಳಕೆಯಲ್ಲಿರುತ್ತವೆ, ಅವುಗಳನ್ನು ಆಗ ಬದಲಿಸಲು ಬರುವುದಿಲ್ಲ. ಬದಲಿಸಬೇಕಾದವನ್ನು ಪಟ್ಟಿ ಮಾಡಿಟ್ಟು, ಮತ್ತೆ ಶುರುವಾಗುವಾಗ, ಬೇರೆಯವು ಏಳುವ ಮೊದಲೇ ಬದಲಿಸುತ್ತದೆ. ಪರದೆಯ ಮೇಲಿನ ಶೇಕಡಾವಾರು ಸಮಯದ ಲೆಕ್ಕವಲ್ಲ, ಮುಗಿದ ಹಂತಗಳ ಲೆಕ್ಕ. ಒಂದು ಹಂತಕ್ಕೆ ಕ್ಷಣ ಸಾಕು, ಇನ್ನೊಂದಕ್ಕೆ ಗಂಟೆ ಬೇಕಾಗಬಹುದು. 30ರಲ್ಲಿ ನಿಂತಾಗ ಚಾರ್ಜರ್ ಸಿಕ್ಕಿಸಿ ಬಿಟ್ಟುಬಿಡಿ, ಗುಂಡಿ ಒತ್ತಿ ಆರಿಸಬೇಡಿ.

ನನ್ನ ತಕರಾರು ಇರುವುದು ಬೇರೆ ಕಡೆ. ಕಿಂಡಿ ಮುಚ್ಚುವ ಅಪ್‌ಡೇಟ್ ಬೇರೆ, ಮೆನು ಜಾಗ ಬದಲಿಸಿ, ಬಣ್ಣ ಬದಲಿಸಿ, ಕೇಳದ ಹೊಸ ಸೌಲಭ್ಯ ತಂದು ತುರುಕುವ ಅಪ್‌ಡೇಟ್ ಬೇರೆ. ಎಷ್ಟೋ ತಂತ್ರಾಂಶಗಳು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತವೆ. ಬೇಡದ್ದಕ್ಕೆ ಹೆದರಿ ಜನ ಬೇಕಾದದ್ದನ್ನೂ ನಿರಾಕರಿಸುತ್ತಾರೆ. ಇದರ ಹೊಣೆಯನ್ನು ತಯಾರಕರೇ ಹೊರಬೇಕು. ಎಲ್ಲಿ ಬೇರೆಬೇರೆಯಾಗಿ ಸಿಗುತ್ತವೆಯೋ ಅಲ್ಲಿ ರಕ್ಷಣೆಯದನ್ನು ತಡಮಾಡದೆ ಹಾಕಿಕೊಳ್ಳಿ, ಹೊಸ ಆವೃತ್ತಿಗೆ ಕೆಲವು ವಾರ ಕಾಯಿರಿ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವು ಬಳಕೆದಾರರ ಸ್ವಂತ ಕಡತಗಳನ್ನೇ ಅಳಿಸಿಹಾಕಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಕೊಟ್ಟರು. ಅವಸರಪಡದೆ ಕಾದವರಿಗೆ ಏನೂ ನಷ್ಟವಾಗಲಿಲ್ಲ.

ಪ್ರಶ್ನೆ: ರಕ್ಷಣೆಯ ಅಪ್‌ಡೇಟ್ ಹಾಕಿಕೊಳ್ಳಿ ಎನ್ನುತ್ತೀರಿ. 2024ರಲ್ಲಿ ವಿಮಾನ ನಿಲ್ದಾಣಗಳೆಲ್ಲ ನಿಂತುಹೋದದ್ದು ರಕ್ಷಣೆಯ ಅಪ್‌ಡೇಟ್‌ನಿಂದಲೇ ಅಲ್ಲವೇ?

ಉತ್ತರ: ಹೌದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಸಣ್ಣ ಕಡತ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಕಂಪ್ಯೂಟರ್‌ಗಳನ್ನು ಕೆಡವಿತು. ಹೊಸ ಕಡತ 21ನೆಯ ಮೌಲ್ಯವೊಂದನ್ನು ನೋಡಲು ಹೇಳುತ್ತಿತ್ತು, ತಂತ್ರಾಂಶದ ಕೈಯಲ್ಲಿದ್ದದ್ದು 20 ಮಾತ್ರ. ಇಲ್ಲದ ಜಾಗವನ್ನು ಓದಲು ಹೋಗಿ ವಿಂಡೋಸ್ ಕುಸಿಯಿತು. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬಿದ್ದಿದ್ದ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳ ಮುಂದೆ ಒಬ್ಬೊಬ್ಬರು ಹೋಗಿ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ, ನೋಡಿ, ಆಮೇಲೆ ಉಳಿದವಕ್ಕೆ ಕಳಿಸಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಆ ಕಂಪನಿ ಹಂತ ಹಂತದ ಬಿಡುಗಡೆಗೆ ಹೊರಳಿದ್ದು ಅದಾದ ಮೇಲೆ. ಇಂಥ ಎಚ್ಚರವನ್ನು ನಾವು ಒತ್ತಾಯಿಸಿ ಕೇಳಬೇಕು. ಅಪ್‌ಡೇಟ್ ಬೇಡ ಎನ್ನಲು ಮಾತ್ರ ಇದು ಕಾರಣವಾಗಲಾರದು.

ಪ್ರಶ್ನೆ: ಅಪ್‌ಡೇಟ್ ಪ್ರತಿ ಸಲವೂ ವಿಫಲವಾಗುತ್ತದೆ. ಪರದೆಯ ಮೇಲೆ ‘0ಎಕ್ಸ್80070070’ ಎಂದಷ್ಟೇ ಬರುತ್ತದೆ. ಇದನ್ನು ಯಾರಿಗೆ ಹೇಳಲಿ, ಏನೆಂದು ಹೇಳಲಿ?

ಉತ್ತರ: ಈ ಸಂಖ್ಯೆಯನ್ನು ಬಿಡಿಸಿ ನೋಡೋಣ. ಇಂಥ ಸಂಕೇತಗಳು ಬಂದಾಗಲೆಲ್ಲ ನಿಮಗೆ ಉಪಯೋಗಕ್ಕೆ ಬರುತ್ತದೆ.

‘0ಎಕ್ಸ್’ ಎಂದರೆ ಮುಂದಿನದು ಹದಿನಾರರ ಎಣಿಕೆಯಲ್ಲಿದೆ ಎಂಬ ಸೂಚನೆ ಅಷ್ಟೆ. ಮೊದಲ 8 ಎಂದರೆ ಕೆಲಸ ವಿಫಲವಾಗಿದೆ. ನಂತರದ 007 ಎಂದರೆ ಕಾರಣವನ್ನು ವಿಂಡೋಸ್‌ನ ಸ್ವಂತ ದೋಷಪಟ್ಟಿಯಲ್ಲಿ ನೋಡಬೇಕು. ಕೊನೆಯ ನಾಲ್ಕು ಅಂಕಿ, 0070, ಆ ಪಟ್ಟಿಯ ಕ್ರಮಸಂಖ್ಯೆ. ಹದಿನಾರರ ಎಣಿಕೆಯ 70ನ್ನು ನಮ್ಮ ಎಣಿಕೆಗೆ ತಂದರೆ ಏಳು ಹದಿನಾರಲೆ 112. ಪಟ್ಟಿಯಲ್ಲಿ 112ರ ಎದುರು ಬರೆದಿರುವುದು ‘ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿಲ್ಲ’ ಎಂದು.

ಇಷ್ಟೇ. ಕಮಾಂಡ್ ಪ್ರಾಂಪ್ಟ್ (ಆಜ್ಞೆಗಳನ್ನು ಬರೆದು ಕೊಡುವ ಕಿಟಕಿ) ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ನೆಟ್’ ಎಂದು ಬರೆದು, ಜಾಗ ಬಿಟ್ಟು ‘ಹೆಲ್ಪ್‌ಎಂಎಸ್‌ಜಿ’ ಎಂದು ಕೂಡಿಸಿ ಬರೆದು, ಮತ್ತೆ ಜಾಗ ಬಿಟ್ಟು 112 ಎಂದು ಕೊಟ್ಟರೆ ನಿಮ್ಮ ಕಂಪ್ಯೂಟರೇ ಆ ವಾಕ್ಯವನ್ನು ಹೇಳುತ್ತದೆ. ಎಂದರೆ ವಾಕ್ಯ ಒಳಗೆ ಇದ್ದೇ ಇದೆ. ಇದ್ದೂ ನಿಮಗೆ ಬರಿಯ ಅಂಕಿ ತೋರಿಸಿ ಸುಮ್ಮನಾಗಿದೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಂಥ ಕಡೆ. ಇದೇ ಲೆಕ್ಕದಲ್ಲಿ 80070005 ಎಂದರೆ ಅನುಮತಿ ಇಲ್ಲ, 80070002 ಎಂದರೆ ಬೇಕಾದ ಕಡತ ಸಿಗಲಿಲ್ಲ, 80070020 ಎಂದರೆ ಆ ಕಡತವನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿದೆ.

ಜಾಗ ಮಾಡಲು ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಅದರೊಳಗೆ ‘ಟೆಂಪರರಿ ಫೈಲ್ಸ್’ ತೆರೆಯಿರಿ. ಅಳಿಸುವ ಗುಂಡಿ ಒತ್ತುವ ಮೊದಲು ಪಟ್ಟಿಯನ್ನು ಪೂರ್ತಿ ಓದಿ. ‘ಡೌನ್‌ಲೋಡ್ಸ್’ ಫೋಲ್ಡರಿನ ಹೆಸರೂ ಅದೇ ಪಟ್ಟಿಯಲ್ಲಿರುತ್ತದೆ. ಅದರೆದುರು ಗುರುತು ಬಿದ್ದಿದ್ದರೆ ನೀವು ಇಳಿಸಿಟ್ಟುಕೊಂಡ ಕಾಗದಪತ್ರ, ಫೋಟೋಗಳೆಲ್ಲ ಹೋಗುತ್ತವೆ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್ ಇದೆ. ಯಾವ ಜಾಲತಾಣ ತೆರೆದರೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ. ಯಾರಾದರೂ ನನ್ನ ಕಂಪ್ಯೂಟರಿಗೆ ಕನ್ನ ಹಾಕಿದ್ದಾರೆಯೇ?

ಉತ್ತರ: ಪರದೆಯ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ. ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಉತ್ತರ ಸಿಕ್ಕಂತೆಯೇ. ಪ್ರತಿ ಸುರಕ್ಷಿತ ಜಾಲತಾಣಕ್ಕೂ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೆ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ. ಬ್ರೌಸರ್ ಅದನ್ನು ನಿಮ್ಮ ಕಂಪ್ಯೂಟರಿನ ಗಡಿಯಾರದೊಡನೆ ಹೋಲಿಸುತ್ತದೆ. ಗಡಿಯಾರ ಹಿಂದಿದ್ದರೆ ಜಗತ್ತಿನ ಎಲ್ಲ ಪ್ರಮಾಣಪತ್ರಗಳೂ ಇನ್ನೂ ಜಾರಿಗೆ ಬಾರದವುಗಳಂತೆ ಕಾಣುತ್ತವೆ.

ಗಡಿಯಾರ ಹಿಂದೆ ಹೋಗುವುದಕ್ಕೆ ಸಾಮಾನ್ಯ ಕಾರಣ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್. ಕರೆಂಟ್ ಇಲ್ಲದಾಗ ಸಮಯವನ್ನು ಕಾಯುವುದು ಅದೇ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032 ಎಂಬ 3 ವೋಲ್ಟ್ ಸೆಲ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಬರಿದಾಗುತ್ತದೆ. ಸಮಯ ಸರಿಮಾಡಿ, ಸೆಲ್ ಬದಲಿಸಿ. ಸಮಯ ಸರಿಯಿದ್ದು ಒಂದೇ ಒಂದು ತಾಣದಲ್ಲಿ ಈ ಎಚ್ಚರಿಕೆ ಬಂದರೆ ಮಾತು ಬೇರೆ. ಆಗ ಮುಂದುವರಿಯಬೇಡಿ, ಪಾಸ್‌ವರ್ಡ್ ಕೊಡಲೇಬೇಡಿ.

ಪ್ರಶ್ನೆ: ಓದುತ್ತಿದ್ದಂತೆ ಇಡೀ ಪರದೆ ಕೆಂಪಾಗಿ, ಸೈರನ್ ಕೂಗಿ, ‘ವೈರಸ್ ಹೊಕ್ಕಿದೆ, ತಕ್ಷಣ ಈ ನಂಬರಿಗೆ ಕರೆ ಮಾಡಿ’ ಎಂದು ಬಂತು. ಕರೆ ಮಾಡಲೇ?

ಉತ್ತರ: ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ದೋಷಸಂದೇಶದಲ್ಲಿ ಫೋನ್ ನಂಬರ್ ಇರುವುದಿಲ್ಲ. ಇದು ಬರಿಯ ಜಾಲಪುಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡ ಎನ್ನಿ. ಈಗಾಗಲೇ ಕರೆ ಮಾಡಿ ಅವರಿಗೆ ಕಂಪ್ಯೂಟರ್ ಒಳಗೆ ಬರಲು ಬಿಟ್ಟಿದ್ದರೆ ಕೂಡಲೇ ಇಂಟರ್‌ನೆಟ್ ತೆಗೆಯಿರಿ, ಬ್ಯಾಂಕಿಗೆ ತಿಳಿಸಿ, ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ.

ಪ್ರಶ್ನೆ: ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ.’ ಇಷ್ಟು ಬುದ್ಧಿವಂತರು ಸೇರಿ ಮಾಡಿದ ತಂತ್ರಾಂಶಕ್ಕೆ ಏನು ತಪ್ಪಾಗಿದೆ ಎಂದು ಹೇಳಲು ಏಕೆ ಬರುವುದಿಲ್ಲ?

ಉತ್ತರ: ನಾನು ಬಹುಕಾಲ ತಂತ್ರಾಂಶ ಬರೆದವನು. ಒಳಗೆ ನಡೆಯುವುದನ್ನು ಹೇಳುತ್ತೇನೆ.

ನೀವು ಪೆನ್‌ಡ್ರೈವ್‌ನಲ್ಲಿರುವ ಕಡತಕ್ಕೆ ‘ಸೇವ್’ ಒತ್ತುತ್ತೀರಿ. ಬರೆಯುವ ತಂತ್ರಾಂಶ ಆಪರೇಟಿಂಗ್ ಸಿಸ್ಟಂಗೆ ಹೇಳುತ್ತದೆ, ಅದು ಸಾಧನವನ್ನು ನಡೆಸುವ ಸಣ್ಣ ತಂತ್ರಾಂಶವಾದ ಡ್ರೈವರ್‌ಗೆ, ಡ್ರೈವರ್ ಪೆನ್‌ಡ್ರೈವ್‌ಗೆ. ಪೆನ್‌ಡ್ರೈವ್ ಸಡಿಲಾಗಿದೆ ಎಂದಿಟ್ಟುಕೊಳ್ಳಿ. ಸಾಧನ ಉತ್ತರಿಸುತ್ತಿಲ್ಲ ಎಂಬುದು ಕೆಳಗಿನವರಿಗೆ ಗೊತ್ತು, ಆದರೆ ನೀವು ಯಾವ ಬರಹ ಉಳಿಸುತ್ತಿದ್ದಿರಿ ಎಂಬುದು ಗೊತ್ತಿಲ್ಲ. ಮೇಲಿನವರಿಗೆ ನಿಮ್ಮ ಬರಹ ಗೊತ್ತು, ಕೆಳಗಿನಿಂದ ಬಂದದ್ದು ಒಂದು ಅಂಕಿ ಮಾತ್ರ. ನಡುವೆ ಯಾರೋ ಆ ಅಂಕಿಯನ್ನೂ ಬಿಸಾಡಿ ‘ಆಗಲಿಲ್ಲ’ ಎಂದಷ್ಟೇ ಮೇಲಕ್ಕೆ ಕಳಿಸುತ್ತಾರೆ. ಕೊನೆಗೆ ನಿಮ್ಮೆದುರು ಬರುವುದು ‘ಏನೋ ತಪ್ಪಾಗಿದೆ’. ಕಾರಣವನ್ನು ಮೇಲಿನವರೆಗೆ ಜೋಪಾನವಾಗಿ ತರುವುದು ಕಷ್ಟದ ಕೆಲಸವೇನಲ್ಲ, ಆದರೆ ಬೇಸರದ ಕೆಲಸ. ಅದಕ್ಕೆಂದೇ ಸಮಯ ತೆಗೆದಿಟ್ಟ ತಂಡಗಳನ್ನು ನಾನು ಕಂಡದ್ದು ಕಡಿಮೆ.

ಒಂದು ಕಡೆ ಮಾತ್ರ ಮುಚ್ಚಿಡುವುದು ಸರಿ. ಲಾಗಿನ್ ಆಗುವಾಗ ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ’ ಎನ್ನುತ್ತಾರಲ್ಲ, ಯಾವುದೆಂದು ಬಿಡಿಸಿ ಹೇಳಿದರೆ ಯಾರ ಖಾತೆ ಅಲ್ಲಿದೆ ಎಂಬ ಸುಳಿವು ಕಳ್ಳರಿಗೆ ಸಿಗುತ್ತದೆ.

ಉಳಿದ ಕಡೆ ಸಂದೇಶ ಹೀಗಿರಬೇಕು ಎಂದು ನಾನು ತಂಡದೊಳಗೆ ಹಟ ಹಿಡಿಯುತ್ತಿದ್ದೆ: ‘ಕಡತ ಉಳಿಯಲಿಲ್ಲ. ಪೆನ್‌ಡ್ರೈವ್ ಸಂಪರ್ಕ ತಪ್ಪಿದೆ. ನಿಮ್ಮ ಬರಹ ಇನ್ನೂ ಇಲ್ಲೇ ಇದೆ. ಪೆನ್‌ಡ್ರೈವನ್ನು ಮತ್ತೆ ಸಿಕ್ಕಿಸಿ ಅಥವಾ ಬೇರೆ ಜಾಗದಲ್ಲಿ ಉಳಿಸಿ.’ ಮೂರನೆಯ ವಾಕ್ಯವೇ ಮುಖ್ಯ. ಗಾಬರಿಯಲ್ಲಿರುವ ಮನುಷ್ಯನಿಗೆ ಮೊದಲು ತಿಳಿಯಬೇಕಾದದ್ದು ತನ್ನ ಶ್ರಮ ಹೋಯಿತೋ ಉಳಿಯಿತೋ ಎಂಬುದು.

ನಿಮ್ಮ ಕಡೆಯಿಂದ ಒಂದು ಕೆಲಸ ಆಗಬೇಕು. ಸಂದೇಶದ ಕಿಟಕಿಯನ್ನು ಸಿಟ್ಟಿನಲ್ಲಿ ಮುಚ್ಚಿಬಿಡಬೇಡಿ. ವಿಂಡೋಸ್‌ನ ಬಹುತೇಕ ಸಣ್ಣ ಸಂದೇಶಗಳ ಮೇಲೆ ಕಂಟ್ರೋಲ್ ಮತ್ತು ಸಿ ಒತ್ತಿದರೆ ಅದರಲ್ಲಿರುವ ಬರಹವೆಲ್ಲ ನಕಲಾಗುತ್ತದೆ. ಆಗದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಈ ಅಂಕಣಕ್ಕೆ ಬರೆಯುವವರು ಆ ಬರಹವನ್ನು ಅಕ್ಷರ ಬಿಡದೆ ಕಳಿಸಿ, ಅದಕ್ಕೆ ಸ್ವಲ್ಪ ಮೊದಲು ಏನು ಮಾಡುತ್ತಿದ್ದಿರಿ, ಹೊಸದಾಗಿ ಏನು ಹಾಕಿಕೊಂಡಿದ್ದಿರಿ ಎಂಬುದನ್ನೂ ಸೇರಿಸಿ. ‘ಏನೋ ಎರರ್ ಬಂತು’ ಎಂದಷ್ಟೇ ಇರುವ ಪತ್ರಗಳೂ ಈ ಸಲ ಬಂದಿವೆ. ಅವುಗಳಿಗೆ ಉತ್ತರ ಕೊಡುವ ಆಸೆ ನನಗಿದೆ, ವಿವರ ಬಂದರೆ ಮುಂದಿನ ಸಂಚಿಕೆಯಲ್ಲಿ ಮೊದಲು ಅವನ್ನೇ ಎತ್ತಿಕೊಳ್ಳುತ್ತೇನೆ.